ಕಲಶದೊಳಗಿನ ಸ್ಪೇನ್ ರಾಜ

ಟಿಣ್.

ಅಡುಗೆಮನೆಯಿಂದ ಬಂದ ಸದ್ದಿಗೆ ನಿರುಪಮಾ ಎದ್ದು ಕೂತಳು. ಸೀಡರ್ ಪಾರ್ಕ್‌ನ ಮನೆಯಲ್ಲಿ ರಾತ್ರಿ ಹನ್ನೊಂದೂವರೆ. ಮತ್ತೊಮ್ಮೆ, ಟಿಣ್. ಚಮಚ ಬಿದ್ದದ್ದಲ್ಲ. ಬೆಳ್ಳಿಯ ಸದ್ದು.

ಹೋಗಿ ನೋಡಿದರೆ, ಗ್ರಾನೈಟ್ ಕಟ್ಟೆಯ ಮುಂದೆ ಗಂಡ ನರಸಿಂಹ, ಅವಳ ಅಜ್ಜಿಯ ನಾಣ್ಯವನ್ನು ಬೆರಳ ತುದಿಯಲ್ಲಿಟ್ಟು ಪೆನ್ನಿನಿಂದ ತಟ್ಟುತ್ತ ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದ. ತಲೆಮಾರುಗಳಿಂದ ಟ್ರಂಕಿನ ತಳದಲ್ಲಿದ್ದು ಕಪ್ಪಾದ ನಾಣ್ಯ. ಕೊನೆಯ ಸಲ ಕಂಡಾಗ ಅಜ್ಜಿ ‘ನಿನ್ನ ಕಲಶಕ್ಕೆ’ ಎಂದು ಅಂಗೈಗಿಟ್ಟಿದ್ದಳು. ನಾಳೆ ವರಮಹಾಲಕ್ಷ್ಮಿ ಹಬ್ಬವೆಂದು ನಿರುಪಮಾ ಸಂಜೆಯೇ ತೆಗೆದಿಟ್ಟಿದ್ದಳು.

“ಸದ್ದಲ್ಲೇ ಗೊತ್ತಾಗತ್ತೆ, ಒರಿಜಿನಲ್, ನಿರು! ಸ್ಪೇನಿನ ಎಂಟು ರಿಯಾಲ್ ನಾಣ್ಯ, ಸಾವಿರದ ಏಳುನೂರ ಎಂಬತ್ತೆಂಟರದ್ದು. ಡಲ್ಲಾಸ್‌ನಲ್ಲಿ ಒಬ್ಬ ಎರಡು ಸಾವಿರ ಡಾಲರ್ ಕೊಡ್ತಾನೆ. ಬೆಳಿಗ್ಗೆ ಡ್ರೈವ್ ಮಾಡಿ ಕೊಟ್ಟು ಬರ್ತೀನಿ. ಒಂದೇ ಕಂಡೀಶನ್, ಈ ಕಪ್ಪು ಹಾಗೇ ಇರ್ಬೇಕು. ಉಜ್ಜಿದ್ರೆ ಬರೀ ಬೆಳ್ಳಿ ರೇಟು.”

“ಹೊನ್ನಾವರದಲ್ಲಿ ಹಡಗಿಗೆ ಮೆಣಸು ಅಳೆದುಕೊಟ್ಟು ಅಜ್ಜಿ ಮನೆಯವರು ತಗೊಂಡಿದ್ದು ಅದು. ನನ್ನ ಕೇಳಿದ್ರಾ?”

“ಕಲಶದೊಳಗೆ ಯಾರಿಗೆ ಕಾಣತ್ತೆ? ಇಲ್ಲಿನ ಕಾಲು ಡಾಲರ್ ನಾಣ್ಯ, ಒಂದು ಕ್ವಾರ್ಟರ್ ಹಾಕು. ಲಕ್ಷ್ಮಿ ಏನು ಪಾಸ್‌ಪೋರ್ಟ್ ಕೇಳ್ತಾಳಾ?” ಅವನು ನಕ್ಕ. “ಇನ್ನೊಂದು ತಮಾಷೆ ಗೊತ್ತಾ? ಸ್ಪೇನ್ ರಾಜ ಎರಡು ಸಲ ಗುಟ್ಟಾಗಿ ಬೆಳ್ಳಿ ಕಮ್ಮಿ ಮಾಡಿ ತಾಮ್ರ ಜಾಸ್ತಿ ಬೆರೆಸಿದ. ಯಾರಿಗೂ ಹೇಳ್ಲಿಲ್ಲ. ಆದ್ರೂ ಎಂಟು ರಿಯಾಲ್ ಎಂಟು ರಿಯಾಲಾಗೇ ನಡೀತು.”

ನಿರುಪಮಾ ದೇವರ ಗೂಡಿನಿಂದ ವಿಭೂತಿಯ ಬಟ್ಟಲು ತಂದಳು. ಅವನ ಬೆರಳಿನಿಂದ ನಾಣ್ಯ ತೆಗೆದುಕೊಂಡು, ಹಬ್ಬದ ಹಿಂದಿನ ದಿನ ಅಜ್ಜಿ ಬೆಳ್ಳಿ ದೀಪ ಉಜ್ಜುತ್ತಿದ್ದ ಹಾಗೆ, ಹೆಬ್ಬೆರಳಿನಿಂದ ಸುತ್ತಿ ಸುತ್ತಿ ಉಜ್ಜತೊಡಗಿದಳು.

“ಏಯ್, ನಿರು! ಎರಡು ಸಾವಿರ ಕಣೇ!”

“ಈಗ ಒಂದೂವರೆ.” ಅವಳು ನಿಲ್ಲಿಸಲಿಲ್ಲ. “ಈಗ ಒಂದು.”

ನಲ್ಲಿಯ ನೀರಿನಲ್ಲಿ ಕಪ್ಪು ಹರಿದುಹೋಯಿತು. ನಾಣ್ಯದ ಮೇಲಿನ ರಾಜನ ಮೂಗು ಹೊಳೆಯಿತು, ಆಮೇಲೆ ಗುಂಗುರು ಕೂದಲು. ಅವಳು ನಾಣ್ಯವನ್ನು ಕಟ್ಟೆಯ ಮೇಲೆ ಬೀಳಿಸಿದಳು. ಟಿಣ್. ಅದೇ ಸದ್ದು.

ಫೋನು ಬೆಳಗಿತು. ಡಲ್ಲಾಸ್‌ನವನು: ನಾಳೆ ಎಷ್ಟು ಗಂಟೆಗೆ ಬರುತ್ತೀರಿ?

“ಏನಂತ ಹೇಳ್ಲಿ ಇವನಿಗೆ? ಹೆಂಡತಿ ವಿಭೂತಿ ಹಾಕಿ ತಿಕ್ಕಿದ್ಳು ಅಂತಲಾ? ಸೀಡರ್ ಪಾರ್ಕ್ ಫ್ರೆಂಡ್ಸ್‌ಗೆಲ್ಲ ಬೇರೆ ಹೇಳ್ಕೊಂಡಿದೀನಿ.”

“ನಿಮ್ಮ ಸ್ಪೇನ್ ರಾಜ ತಾಮ್ರ ಬೆರೆಸಿದಾಗ ಏನು ಹೇಳಿದ್ದ?”

ನರಸಿಂಹ ನಾಣ್ಯವನ್ನೊಮ್ಮೆ ನೋಡಿದ. ‘ಮಾರಾಟಕ್ಕಿಲ್ಲ’ ಎಂದಷ್ಟೇ ಟೈಪ್ ಮಾಡಿ ಫೋನನ್ನು ಕವುಚಿಟ್ಟ. ಇನ್ನು ಅವನು ಯಾರಿಗೂ ಏನೂ ಹೇಳುವುದಿಲ್ಲವೆಂದು ಅವಳಿಗೆ ಗೊತ್ತಾಯಿತು.

ರಾಜನ ಹಣೆಯ ಮೇಲೆ ಒಂದು ಗೆರೆ ವಿಭೂತಿ ಉಳಿದಿತ್ತು. ಅವಳು ಅದನ್ನು ಒರೆಸಲಿಲ್ಲ.