ಐಸ್ ಕಾಲು

"ಕಣ್ಣು ಮುಚ್ಚು. ಪೂರ್ತಿ ಮುಚ್ಬೇಕು, ಕಳ್ಳಿ," ಎಂದರು ಹಲ್ಲಿನ ಡಾಕ್ಟರು. "ತಣ್ಣಗಾದ್ರೆ ಮಾತ್ರ ಕೈ ಎತ್ತು. ಹೋದ ಸಲದ ಹಾಗೆ ಆಟ ಆಡ್ಬೇಡ."

ಕುರ್ಚಿಯಲ್ಲಿ ಒರಗಿದ್ದ ಹುಡುಗಿ ಕಣ್ಣು ಮುಚ್ಚಿದಳು. ಹೋದ ಸಲ ತಣ್ಣನೆಯ ಹತ್ತಿ ಹಲ್ಲಿಗೆ ತಾಗುವ ಮೊದಲೇ ಅವಳು ಕೈ ಎತ್ತಿಬಿಟ್ಟಿದ್ದಳು. ಮೂಲೆಯಲ್ಲಿ ಕುಳಿತಿದ್ದ ಅಮ್ಮ ಸಂತೋಷ ತಡೆಯಲಾರದೆ ಎದ್ದು ನಿಂತಿದ್ದೂ ಆಗಿತ್ತು. ಅಷ್ಟರಲ್ಲಿ ಡಾಕ್ಟರು, "ನಾನಿನ್ನೂ ಮುಟ್ಟಿಸೇ ಇಲ್ವಲ್ಲಮ್ಮಾ," ಎಂದಿದ್ದರು. ಅಮ್ಮ ಮತ್ತೆ ಕುಸಿದು ಕುಳಿತದ್ದನ್ನು ನೋಡಿದ ಮೇಲೆ, ಖುಷಿಪಡಿಸಲಿಕ್ಕೂ ಸುಳ್ಳು ಹೇಳಬಾರದೆಂದು ಹುಡುಗಿಗೆ ಗೊತ್ತಾಗಿತ್ತು.

ಶಾಲೆಯ ಮೆಟ್ಟಿಲಲ್ಲಿ ಮುಗ್ಗರಿಸಿ ಬಿದ್ದು ಅವಳ ಮುಂದಿನ ಹಲ್ಲು ಒಳಗೊಳಗೇ ಸತ್ತುಹೋಗಿತ್ತು. ಹಲ್ಲು ಹೊರಗೆ ಕಲ್ಲಿನಂತಿದ್ದರೂ ಒಳಗೆ ಮೆತ್ತನೆಯ ತಿರುಳಿರುತ್ತದೆ. ಅದರಲ್ಲಿ ರಕ್ತ ಹರಿಯುತ್ತದೆ, ನರವಿರುತ್ತದೆ. ಅದನ್ನು ಮತ್ತೆ ಬೆಳೆಸಲು ಹಾಲುಹಲ್ಲಿನಿಂದ ತೆಗೆದ ಸ್ಟೆಮ್ ಸೆಲ್, ಅಂದರೆ ಕಾಂಡಕೋಶಗಳು ಬೇಕು ಎಂದಿದ್ದರು ಡಾಕ್ಟರು. ಅಂಥ ಕೋಶಗಳು ಈ ಮನೆಯವರ ಬಳಿ ಇದ್ದವು. ಆದರೆ ಅವು ಇವಳವಲ್ಲ, ಅಕ್ಕನವು. ಅಕ್ಕನ ಹಲ್ಲು ಅಲ್ಲಾಡತೊಡಗಿದಾಗ, ಮುಂದೆಂದಾದರೂ ಅವಳಿಗೇ ಬೇಕಾದೀತೆಂದು ಅಮ್ಮ ಅದರ ಕೋಶಗಳನ್ನು ತೆಗೆಸಿ ಅಂಥವನ್ನು ಕಾಪಿಡುವ ಬ್ಯಾಂಕಿನ ಶೀತಪೆಟ್ಟಿಗೆಯಲ್ಲಿ ಇಡಿಸಿದ್ದಳು. ಅವಳಿಗೆ ಬೇಕಾಗಲಿಲ್ಲ. ಒಂದು ಜ್ವರ ಬಂತು, ಹೋಗುವಾಗ ಮಗುವನ್ನೂ ಕರೆದುಕೊಂಡು ಹೋಯಿತು. ಚಿಕ್ಕವಳ ಹಾಲುಹಲ್ಲುಗಳೆಲ್ಲ ಬಿದ್ದದ್ದು ಆಮೇಲೆ. ಆಗ ಆ ಮನೆಯಲ್ಲಿ ಯಾರೂ ಹಲ್ಲಿನ ಕಡೆ ನೋಡುವ ಸ್ಥಿತಿಯಲ್ಲಿರಲಿಲ್ಲ.

ದೊಡ್ಡವಳದೆಂದು ಈ ಭೂಮಿಯ ಮೇಲೆ ಜೀವದಿಂದ ಉಳಿದದ್ದು ಆ ಒಂದು ಪುಟ್ಟ ಸೀಸೆ. ಅಮ್ಮ ಆಗಾಗ ಬ್ಯಾಂಕಿಗೆ ಹೋಗಿ, "ಒಳಗೆ ಎಷ್ಟು ತಣ್ಣಗಿರುತ್ತೆ?" ಎಂದು ಕೇಳಿ ಬರುತ್ತಿದ್ದಳು. ಐಸಿಗಿಂತ ಎಷ್ಟೋ ಪಾಲು ತಣ್ಣಗೆ ಎಂದು ಅಲ್ಲಿನವರು ಹೆಮ್ಮೆಯಿಂದ ಹೇಳುತ್ತಿದ್ದರು. ಪಾಪ, ಅವರಿಗೇನು ಗೊತ್ತು! ಆ ಮಗುವಿಗೆ ಚಳಿಯೆಂದರೆ ಆಗುತ್ತಿರಲಿಲ್ಲ. ಎರಡು ಸ್ವೆಟರ್ ಹಾಕಿ ಮಲಗಿದರೂ ತಣ್ಣನೆಯ ಪಾದಗಳನ್ನು ತಂದು ತಂಗಿಯ ಕಾಲುಗಳ ನಡುವೆ ತೂರಿಸುತ್ತಿದ್ದಳು. "ಅಮ್ಮಾ, ಐಸ್ ಕಾಲು ಬಂತು!" ಎಂದು ತಂಗಿ ಮನೆಯೆಲ್ಲ ಕೇಳುವಂತೆ ಕಿರುಚುತ್ತಿದ್ದಳು. ದೂಡುತ್ತಿರಲಿಲ್ಲ ಮಾತ್ರ.

"ಅಷ್ಟೂ ಬೇಕಾ ಡಾಕ್ಟ್ರೇ? ಒಂಚೂರು ಉಳಿಸೋಕಾಗಲ್ವಾ?" ಎಂದು ಅಮ್ಮ ಕೇಳಿದ್ದಳು.

"ಇರೋದೇ ಅಷ್ಟಮ್ಮಾ. ಹಿಡೀದೆ ಹೋದ್ರೆ ಅದೂ ಹೋದ ಹಾಗೇ. ಬೇಡ ಅಂದ್ರೆ ಹೇಳಿ, ಬೇರೆ ಥರ ಚಿಕಿತ್ಸೆ ಮಾಡಿ ಹಲ್ಲು ಮುಚ್ಚಿಬಿಡ್ತೀನಿ."

ಅಮ್ಮ ಚಿಕ್ಕವಳ ಮುಖ ನೋಡಿದಳು. "ತೆಗೀರಿ. ಅಲ್ಲಿಂದ ಹೊರಗಾದ್ರೂ ಬರ್ಲಿ," ಎಂದಳು.

ಅಕ್ಕನ ಕೋಶಗಳು ಹಲ್ಲಿನೊಳಗೆ ಸೇರಿದ ದಿನದಿಂದ ಚಿಕ್ಕವಳು ಸೀಬೆಹಣ್ಣು ಕಚ್ಚುವಂತಿಲ್ಲ, ಸೀಟಿ ಹೊಡೆಯುವಂತಿಲ್ಲ. ಶಾಲೆಯಿಂದ ಬಂದ ಕೂಡಲೇ ಅಮ್ಮನ ಮೊದಲ ಮಾತು, "ಹಲ್ಲು ಹೇಗಿದೆ?" ನೀನು ಹೇಗಿದ್ದೀ ಎಂದು ಯಾರೂ ಕೇಳುತ್ತಿರಲಿಲ್ಲ. ಅವಳು ಅದಕ್ಕೂ ಬೇಸರ ಮಾಡಿಕೊಳ್ಳದೆ, ಬಾಯಿ ಅಗಲಿಸಿ ತೋರಿಸಿ ಆಡಲು ಹೋಗುತ್ತಿದ್ದಳು.

"ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ. ಈ ಪುಟ್ಟಿಗೆ ಎರಡೂ ಇರ್ಲಿ," ಎಂದು ಡಾಕ್ಟರು ಈಗ ಕುರ್ಚಿಯ ಪಕ್ಕ ನಿಂತು ತಾವೇ ನಕ್ಕರು. ಬೇರೆ ಯಾರೂ ನಗಲಿಲ್ಲ. ಅವರು ಮೊದಲು ಒಣ ಹತ್ತಿಯನ್ನು ಸತ್ತ ಹಲ್ಲಿಗೆ ಮುಟ್ಟಿಸಿದರು. ಕೈ ಏಳಲಿಲ್ಲ. ಅಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

"ಅದು ಬರೀ ಹತ್ತಿ, ಹೆದರ್ಬೇಡಿ," ಎಂದು ಡಾಕ್ಟರು ಇನ್ನೊಂದು ಉಂಡೆಗೆ ತಣ್ಣನೆಯ ಸ್ಪ್ರೇ ಹೊಡೆದರು. ಪಕ್ಕದ ಒಳ್ಳೆಯ ಹಲ್ಲಿಗೆ ತಾಗಿಸಿದಾಗ ಹುಡುಗಿಯ ಕೈ ಚಟ್ಟನೆ ಮೇಲೆದ್ದಿತು. ಮತ್ತೊಮ್ಮೆ ಸ್ಪ್ರೇ ಹೊಡೆದು ಸತ್ತಿದ್ದ ಹಲ್ಲಿಗೆ ಹಿಡಿದರು.

ಏನೂ ಇಲ್ಲ. ಹುಡುಗಿಯ ಕೈ ತೊಡೆಯ ಮೇಲೇ ಇತ್ತು. ಅಮ್ಮ ಗೋಡೆಯ ಕಡೆ ತಿರುಗಿಕೊಂಡಳು. ಎರಡನೇ ಸಲವೂ ಅದೇ ಮಗಳನ್ನು ಕಳೆದುಕೊಳ್ಳಬೇಕಾಗುತ್ತದೆ ಎಂದು ಅವಳು ಎಣಿಸಿರಲಿಲ್ಲ.

ಆಗ ಸಾಕ್ಸಿನೊಳಗೆ ಹುಡುಗಿಯ ಕಾಲ್ಬೆರಳುಗಳು ಮುದುಡಿದವು. ಕೈ ಮೆಲ್ಲಗೆ ಮೇಲೆದ್ದಿತು.

"ನಿಜ ಹೇಳು ಪುಟ್ಟಿ. ಹೇಗಾಗ್ತಿದೆ?"

ಹುಡುಗಿ ಕಣ್ಣು ತೆರೆಯಲಿಲ್ಲ. ಬಾಯಲ್ಲಿ ಹತ್ತಿ ಇದ್ದುದರಿಂದ ಮಾತು ತೊದಲಿತು. "ಐಸ್ ಕಾಲು," ಎಂದಳು.

"ಬಂತಮ್ಮಾ! ಜೀವ ಬಂತು!" ಡಾಕ್ಟರಿಗೆ ಅವಳು ಏನೆಂದಳೆಂಬುದು ಬೇಕಿರಲಿಲ್ಲ, ಹಲ್ಲು ಮಾತಾಡಿತ್ತು. "ತಡೀರಿ, ಇನ್ನೊಂದ್ಸಲ ನೋಡಿ ಖಾತ್ರಿ ಮಾಡ್ಕೊಳ್ತೀನಿ." ಅವರು ಹೊಸ ಹತ್ತಿಗೆ ಸ್ಪ್ರೇ ಹೊಡೆಯುವಷ್ಟರಲ್ಲಿ ಅಮ್ಮ ಓಡಿ ಬಂದು ಅವರ ಕೈ ಹಿಡಿದುಬಿಟ್ಟಳು.

"ಬೇಡ ಡಾಕ್ಟ್ರೇ, ಸಾಕು. ಅವಳಿಗೆ ಚಳಿ ತಡೆಯೋಕಾಗಲ್ಲ."

"ಯಾರಿಗಮ್ಮಾ?" ಎಂದರು ಡಾಕ್ಟರು. ಅಮ್ಮ ಅವರ ಕೈ ಬಿಟ್ಟು, ಬಿಕ್ಕಿ ಬಿಕ್ಕಿ ಅತ್ತಳು.

ಹಿಂದಿರುಗುವಾಗ ಬಸ್ಸಿನಲ್ಲಿ ಅಮ್ಮ ಚಿಕ್ಕವಳನ್ನು ಹತ್ತಿರಕ್ಕೆಳೆದುಕೊಂಡು, "ನಿನಗೇನು ಬೇಕು ಹೇಳು ಕಂದಾ, ಏನು ಬೇಕಾದ್ರೂ ಕೇಳು," ಎಂದಳು. ಹುಡುಗಿ ತುಟಿಗಳನ್ನು ಬಿಗಿಯಾಗಿ ಮುಚ್ಚಿಕೊಂಡು, ಒಳಗಿನಿಂದ ನಾಲಿಗೆಯನ್ನು ಆ ಹಲ್ಲಿಗೆ ಬೆಚ್ಚಗೆ ಹೊದಿಸಿ ಹಿಡಿದಿದ್ದಳು.