ಉಪ್ಪಿಲ್ಲದ ಸಾರು

“ಎರಡು ತುತ್ತಾದ್ರೂ ತಿನ್ನವ್ವಾ,” ಎಂದು ಮನೆಯೊಡತಿ ಬೈರಮ್ಮ ಮುದ್ದೆ, ಸಾರಿನ ಪಾತ್ರೆಯನ್ನು ಬಾಡಿಗೆಮನೆಯ ಮಲ್ಕಾಳ ಮುಂದಿಡುವಷ್ಟರಲ್ಲಿ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಮಲ್ಕಾಳ ಮಗ ಫೈಜಾನನ ಹೆಸರು. ಜಾರ್ಖಂಡಿನ ಕಲ್ಲಿದ್ದಲು ಗಣಿ ಕುಸಿದು ಸತ್ತ ಒಂಬತ್ತು ಜನರ ಪಟ್ಟಿಯಲ್ಲಿ ನಿನ್ನೆ ಇದ್ದದ್ದೂ ಅದೇ ಹೆಸರು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂದು ನಿನ್ನೆಯಿಂದ ಊಟ ತರುತ್ತಿದ್ದವರು ಬೈರಮ್ಮನೇ.

“ಅಮ್ಮೀ,” ಎಂದಿತು ಫೋನು. ಮುಂದಿನ ಮಾತೆಲ್ಲ ದಖನಿ ಉರ್ದುವಿನಲ್ಲಿ ನಡೆಯಿತು. ಬೈರಮ್ಮನಿಗೆ ಅರ್ಥವಾದದ್ದು ಆ ಒಂದೇ ಪದ. ಅಷ್ಟೇ ಸಾಕಾಗಿ ಅವರು ಫೋನಿನ ಹತ್ತಿರಕ್ಕೆ ಬಾಗಿದರು.

“ಬದುಕಿದಾನೆ ಬೈರಮ್ಮಾ! ಜ್ವರ ಅಂತ ಆಸ್ಪತ್ರೇಲಿ ಮಲಗಿದ್ದನಂತೆ. ಪಾಳಿ ತಪ್ಪಬಾರ್ದು ಅಂತ ಅವನ ಹಾಜರಿ ಬಿಲ್ಲೆ ಹಾಕ್ಕೊಂಡು ಗೆಳೆಯ ಬುಧನ್ ಗಣಿಗೆ ಇಳಿದಿದ್ದಾನೆ. ಬಿಲ್ಲೆ ನಂಬರ್ ನೋಡಿ ಇವನ ಹೆಸರು ಬರ್ಕೊಂಡಿದಾರೆ.”

ಬೈರಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. “ಮೊದ್ಲೇ ಗೊತ್ತಾಗಿದ್ರೆ ಸಾರಿಗೆ ಉಪ್ಪಾದ್ರೂ ಆಕ್ತಿದ್ನಲ್ಲವ್ವಾ! ಅಳ್ತಾ ಅಳ್ತಾ ಮರ್ತೇಬಿಟ್ಟೆ.” ಪಾತ್ರೆಯನ್ನು ಎತ್ತಿಕೊಂಡರು. “ಇದು ಸಾವಿನ ಮನೆಗೆ ತಂದ ಊಟ, ನಿಂಗ್ಯಾಕೆ? ಏಳು, ಒಲೆ ಅಚ್ಚು. ಪಾಯ್ಸ ಮಾಡಾನ.”

ಮಲ್ಕಾ ಎದ್ದು ಲೈಟರ್ ಕೈಗೆತ್ತಿಕೊಂಡಳು. ಒಂದು ಗಳಿಗೆ ಅದನ್ನೇ ನೋಡುತ್ತ ನಿಂತು, ಮೆಲ್ಲಗೆ ಅಲ್ಲೇ ಇಟ್ಟಳು. “ಬುಧನ್‌ಗೂ ತಾಯಿ ಇದಾಳೆ ಬೈರಮ್ಮಾ. ಇವತ್ತೊಂದಿನ ನಮ್ಮನೇಲೂ ಒಲೆ ಬೇಡ.”

ಬೈರಮ್ಮ ಪಾತ್ರೆಯನ್ನು ಮತ್ತೆ ಕೆಳಗಿಳಿಸಿ, ಉಪ್ಪಿನ ಡಬ್ಬಿಗೆ ಕೈ ಚಾಚಿದರು.