ಹದಿನೇಳನೆಯ ಮನೆ

ಫೋಟೋ ಪ್ರದರ್ಶನದ ನಡುಗೋಡೆಯಲ್ಲಿದ್ದ ದೊಡ್ಡ ಚಿತ್ರದ ಮುಂದೆ ಬಣ್ಣದಕ್ಕ ಚಕ್ಕಳಮಕ್ಕಳ ಹಾಕಿ ಕೂತು, ಚೀಲದಿಂದ ಕಡ್ಡಿಗಳ ಕಟ್ಟು ತೆಗೆದು ನೆಲದ ಮೇಲೆ ಒಂದೊಂದಾಗಿ ಜೋಡಿಸತೊಡಗಿದಳು. ನೋಡಲು ಬಂದಿದ್ದವರು ಇದೂ ಕಲೆಯೇ ಇರಬೇಕೆಂದು ಎರಡು ಹೆಜ್ಜೆ ಹಿಂದೆ ಸರಿದು ಜಾಗ ಬಿಟ್ಟರು. ಅವಳ ಗಂಡ ಮಾತ್ರ ಒಳಗೆ ಬರದೆ ಬಾಗಿಲ ಬಳಿಯೇ ನಿಂತಿದ್ದ.

ಚಿತ್ರದಲ್ಲಿ ನಲವತ್ತು ಮನೆಗಳಿದ್ದವು. ಊರಾಚೆಯ ಹೊಸ ಬಡಾವಣೆಯನ್ನು ಫೋಟೋಗ್ರಾಫರ್ ನೀರಿನ ಟ್ಯಾಂಕ್ ಹತ್ತಿ ತೆಗೆದದ್ದು. ಒಂದೇ ಅಚ್ಚಿನ ಕಿಟಕಿ, ಒಂದೇ ಅಚ್ಚಿನ ಬಾಗಿಲು, ಒಂದೇ ಕೆನೆ ಬಣ್ಣ. ಹದಿನೇಳನೆಯ ಮನೆ ಮಾತ್ರ ಒಂದು ಛಾಯೆ ತಿಳಿ. ಕೆಳಗೆ ಅಂಟಿಸಿದ ಚೀಟಿಯಲ್ಲಿ ‘ಯಂತ್ರಗಳು ಕಟ್ಟಿದ ಊರು. ಮನುಷ್ಯನ ಕೈ ಸೋಕಿದ್ದು ಇದೊಂದೇ ಮನೆ’ ಎಂದಿತ್ತು. ಆ ನಲವತ್ತಕ್ಕೂ ಬಣ್ಣ ಕಲಸಿದವಳು ಬಣ್ಣದಕ್ಕ, ಹಚ್ಚಿದವನು ಅವಳ ಗಂಡ.

ಈ ಚಿತ್ರ ಪತ್ರಿಕೆಯಲ್ಲಿ ಬಂದ ದಿನವೇ ಕೆಲಸ ಕೊಟ್ಟಿದ್ದ ಮೇಸ್ತ್ರಿ ಇವರ ಮನೆ ಬಾಗಿಲಿಗೆ ಬಂದು, ಲೋಕವೆಲ್ಲ ನೋಡುವ ಹಾಗೆ ಮಾನ ಕಳೆದಿರಿ, ಮುಂದಿನ ಬಡಾವಣೆಗೆ ಬೇರೆಯವರನ್ನು ಗೊತ್ತು ಮಾಡಿದ್ದೇನೆ ಎಂದು ಹೇಳಿ ಹೋಗಿದ್ದ. ನಿಜವಾದ ಗೋಡೆಯನ್ನೇ ತೋರಿಸೋಣವೆಂದರೆ ಹದಿನೇಳನೆಯ ಮನೆಯವರು ಅಷ್ಟರಲ್ಲಿ ಮುಂಭಾಗಕ್ಕೆಲ್ಲ ಕಲ್ಲು ಅಂಟಿಸಿಕೊಂಡಿದ್ದರು. ಕೆಲಸ ಹೋದದ್ದನ್ನು ಬಣ್ಣದಕ್ಕ ಹೇಗೋ ನುಂಗಿಕೊಳ್ಳುತ್ತಿದ್ದಳು. ಆದರೆ ಗಂಡ ಪತ್ರಿಕೆಯನ್ನು ಬೆಳಕಿಗೆ ಹಿಡಿದು ಹಿಡಿದು ನೋಡಿ, ತಪ್ಪು ತನ್ನದೇ ಇರಬೇಕು, ವಯಸ್ಸಾಯಿತು, ಇನ್ನು ಬ್ರಷ್ ಮುಟ್ಟುವುದಿಲ್ಲ ಎಂದುಬಿಟ್ಟ. ಅದನ್ನು ಕೇಳಿ ಅವಳ ಮೈಯೆಲ್ಲ ಉರಿಯಿತು.

ಫೋಟೋಗ್ರಾಫರ್ ಬಂದು ಇದೇನೆಂದು ಕೇಳಿದ. ಬಣ್ಣದಕ್ಕ ತಾಳ್ಮೆಯಿಂದಲೇ ಹೇಳಿದಳು. ಒಂದು ದಿನಕ್ಕೆ ಒಂದು ಮನೆ, ಒಂದು ಮನೆಗೆ ಒಂದು ಡ್ರಮ್ಮು. ಕಲಸಿದ ಮೇಲೆ ಕಡ್ಡಿ ಅದ್ದಿ ಒಣಗಿಸಿ, ಹಿಂದಿನ ದಿನದ ಕಡ್ಡಿಯ ಪಕ್ಕ ಹಿಡಿದು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲವೆಂದ ಮೇಲೆಯೇ ಗಂಡ ಏಣಿ ಹತ್ತುತ್ತಿದ್ದ.

“ಇದು ಹದಿನೇಳನೇ ಮನೇದು. ಅಕ್ಕಪಕ್ಕದ್ದರ ಜೊತೆ ಇಟ್ಟು ನೋಡಿ ಸ್ವಾಮಿ. ನಮ್ಮ ಗೋಡೆ ತಿಳಿಯಾಗಿದ್ದು ಹೇಗೆ?”

ಅವನು ನೋಡಿದ. ಅತ್ತಿತ್ತ ಕಣ್ಣು ಹಾಯಿಸಿ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು ದನಿ ತಗ್ಗಿಸಿದ. “ಕಂಪ್ಯೂಟರಲ್ಲಿ ನಾನೇ ಒಂಚೂರು ತಿಳಿ ಮಾಡಿದೆ ಅಮ್ಮ. ಎಲ್ಲಾ ಒಂದೇ ಥರ ಇದ್ರೆ ನೋಡೋರ ಕಣ್ಣು ನಿಲ್ಲಲ್ಲ. ಒಂದು ಸಣ್ಣ ತಪ್ಪಿದ್ರೆ ಅಲ್ಲಿ ಮನುಷ್ಯ ಕಾಣಿಸ್ತಾನೆ.”

“ಅಂದ್ರೆ ಸರಿಯಾಗಿರೋ ಮೂವತ್ತೊಂಬತ್ತು ಮನೆ ಯಂತ್ರ ಮಾಡಿದ್ದು. ಕೆಟ್ಟಿದ್ದೊಂದು ನನ್ನ ಗಂಡ ಮಾಡಿದ್ದು.”

ಈಗ ಹೇಳಿದ್ದನ್ನೇ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಡಿ, ಮೇಸ್ತ್ರಿಗೆ ತೋರಿಸುತ್ತೇನೆ ಎಂದು ಅವಳು ಕೇಳಿದಳು. ಅದು ಮಾತ್ರ ಆಗುವುದಿಲ್ಲ ಎಂದ. ಊರೂರು ಸುತ್ತಿ ಆ ಮನೆಯನ್ನು ಹುಡುಕಿದೆನೆಂದು ಪತ್ರಿಕೆಯವರಿಗೆ ಹೇಳಿಬಿಟ್ಟಿದ್ದನಂತೆ. ಬರೆದುಕೊಟ್ಟರೆ ಅವನ ಹೆಸರು ಹೋಗುತ್ತದಂತೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಇಲ್ಲಿ ಪ್ರಾಣಸಂಕಟವೂ ತನ್ನದೇ ಎಂದು ಬೆಕ್ಕು ಅಳುತ್ತಿತ್ತು.

ಬಣ್ಣದಕ್ಕ ಚೀಲದಿಂದ ಪುಟ್ಟ ಡಬ್ಬ ತೆಗೆದು, ಚಿತ್ರದಲ್ಲಿನ ಹದಿನಾರನೆಯ ಮನೆಯನ್ನೇ ನೋಡುತ್ತ, ಮುಚ್ಚಳದಲ್ಲಿ ಬೆರಳಿನಿಂದ ಬಣ್ಣ ಕಲಸಿದಳು. ಒಂದು ತೊಟ್ಟು ಹಳದಿ ಹಾಕಿದಳು, ಇನ್ನೊಂದು ಅರ್ಧ ತೊಟ್ಟು. ಆಮೇಲೆ ಬಾಗಿಲ ಕಡೆ ತಿರುಗಿ, “ಕೇಳಿಸ್ತಾ? ತಪ್ಪು ನಿಂದಲ್ಲ, ಇವರದು. ಬಾ, ಒಂದು ಮನೆ ಕೆಲಸ ಬಾಕಿ ಇದೆ” ಎಂದಳು. ನೆರೆದವರಿಗೆಲ್ಲ ಕೇಳುವಷ್ಟು ಜೋರಾಗಿಯೇ ಹೇಳಿದಳು.

ಗಂಡ ಚಪ್ಪಲಿ ಬಿಟ್ಟು ಒಳಗೆ ಬಂದ. ಅವಳು ಕೊಟ್ಟ ಸಣ್ಣ ಬ್ರಷ್ ಹಿಡಿದು, ಚಿತ್ರದ ಗಾಜಿನ ಮೇಲೆ, ಅಂಗೈಯಗಲದ ಹದಿನೇಳನೆಯ ಮನೆಯ ಗೋಡೆಗೆ ಹಚ್ಚಿದ. ಕಿಟಕಿಗೆ ತಾಗಿಸಲಿಲ್ಲ, ಬಾಗಿಲಿಗೆ ತಾಗಿಸಲಿಲ್ಲ. ಕೈ ಎಳ್ಳಷ್ಟೂ ನಡುಗಲಿಲ್ಲ. ಫೋಟೋಗ್ರಾಫರ್ ತಡೆಯಲೆಂದು ಕೈ ಚಾಚಿದವನು, ಜನ ನೋಡುತ್ತಿರುವುದನ್ನು ಕಂಡು ಹಿಂದಕ್ಕೆಳೆದುಕೊಂಡ.

“ಹಾಳು ಮಾಡಿದ್ರಿ,” ಎಂದ ಹಲ್ಲು ಕಚ್ಚಿ. “ಈಗಲೂ ಬೇರೆ ಥರಾನೇ ಕಾಣ್ತಿದೆ.”

ಗಂಡ ಬ್ರಷ್ ಒರೆಸಿಕೊಂಡು ಚಿತ್ರದ ಕೆಳಗಿನ ಚೀಟಿಯನ್ನು ಒಮ್ಮೆ ಓದಿದ.

“ಒಣಗ್ಲಿ ಸ್ವಾಮಿ. ಆಮೇಲೆ ನನ್ನ ಕೈ ಎಲ್ಲಿ ಸೋಕಿದೆ ಹುಡುಕಿ.”